ಮೂರನೆಯ ಒತ್ತಾಯ

ಹೆಜಮಾಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಅಕ್ಷರ ಕಲಿಸುವ ಮೊದಲೇ "ಬೇಡ" ಎನ್ನಲು ಕಲಿಸುತ್ತಾರೆ. ನೆಂಟರ ಮನೆಗೆ ಹೊರಡುವ ಮುಂಚೆ ಮನೆಯಲ್ಲೇ ಹೊಟ್ಟೆ ತುಂಬ ಉಂಡುಬಿಡಬೇಕು. ಅಲ್ಲಿ ಏನು ಕೊಟ್ಟರೂ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ "ಅಯ್ಯೋ ಬೇಡವೇ ಬೇಡ, ಈಗಷ್ಟೇ ಆಯ್ತು" ಎನ್ನಬೇಕು. ಮನೆಯೊಡತಿ ಮೂರನೆಯ ಸಲ ತಟ್ಟೆಯನ್ನು ಮುಂದಕ್ಕೆ ತಳ್ಳಿದಾಗ ಮಾತ್ರ "ಹಾಗಾದ್ರೆ ಸ್ವಲ್ಪ, ಸ್ವಲ್ಪ ಸಾಕು" ಎಂದು ಕೈ ಚಾಚಬೇಕು. ಮೊದಲ ಸಲಕ್ಕೇ ತೆಗೆದುಕೊಂಡವನು ಹೊಟ್ಟೆಬಾಕ, ಮೂರನೆಯ ಸಲ ಕೇಳದವಳು ಜಿಪುಣಿ. ಆಟದ ನಿಯಮ ಇಬ್ಬರಿಗೂ ಗೊತ್ತಿರುವುದರಿಂದ ಆ ಊರಿನಲ್ಲಿ ಯಾರೂ ಹಸಿದುಕೊಂಡು ಎದ್ದು ಹೋಗುವುದಿಲ್ಲ.

ಈ ವಿದ್ಯೆಯಲ್ಲಿ ರಾಜೀವಿಯನ್ನು ಮೀರಿಸುವವರಿರಲಿಲ್ಲ. ಮದುವೆಯಾಗಿ ದುಬೈಗೆ ಬಂದು, ಅಲ್ ನಹ್ದಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗಳನ್ನು ಬೆಳೆಸಿ, ನಲವತ್ತು ದಾಟಿದರೂ ವಿದ್ಯೆ ಒಂದಿಷ್ಟೂ ಮಾಸಿರಲಿಲ್ಲ. ಪಕ್ಕದ ಮನೆಯವರು ಪಾಯಸ ತಂದರೆ ಬಾಗಿಲಲ್ಲೇ ಐದು ನಿಮಿಷ ಬೇಡ ಬೇಡ ಎಂದು ಜಗ್ಗಾಡಿ, ಆಮೇಲೆ ಒಳಗೆ ತಂದು ಪಾತ್ರೆ ಬಳಿದು ತಿನ್ನುವ ಹೆಂಗಸು ಅವಳು. ಗಂಡ ಗುಣಪಾಲ ದೇರಾದ ಒಂದು ಕಂಪೆನಿಯಲ್ಲಿ ಅಕೌಂಟೆಂಟು. ಮಾತು ಕಡಿಮೆ, ಜಗಳ ಇನ್ನೂ ಕಡಿಮೆ. ಮಗಳು ದೀಕ್ಷಿತಾ ಹನ್ನೆರಡನೆಯ ತರಗತಿ. ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು.

ಇಂಥ ರಾಜೀವಿ ೨೦೧೬ರಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟಳು. ಅದೂ ಸ್ಪೇನಿನಲ್ಲಲ್ಲ, ದುಬೈಯಲ್ಲಿ. ಅರಬ್ಬರ ದೇಶದಲ್ಲಿ ಇದ್ದುಕೊಂಡು ಅರಬಿಯಲ್ಲಿ ಯಲ್ಲಾ, ಖಲಾಸ್, ಮಾಫಿ ಬಿಟ್ಟರೆ ನಾಲ್ಕನೆಯ ಮಾತು ಬಾರದವಳಿಗೆ ಈ ಹುಚ್ಚು ಹತ್ತಿದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ.

ದೀಕ್ಷಿತಾಳನ್ನು ಫ್ರೆಂಚ್ ಟ್ಯೂಷನ್ನಿಗೆ ಕರೆದುಕೊಂಡು ಹೋಗಿ ಬರುವ ಕೆಲಸ ಅವಳದು. ಬುರ್ಜುಮಾನ್ ಮೆಟ್ರೊ ಸ್ಟೇಷನ್ನಿನ ಹತ್ತಿರದ ಒಂದು ಭಾಷಾ ಸಂಸ್ಥೆ. ಮಗಳು ಒಳಗೆ, ತಾಯಿ ಕಾರಿಡಾರಿನ ಕುರ್ಚಿಯಲ್ಲಿ. ಆ ಕುರ್ಚಿಯ ಎದುರಿಗೇ ಸ್ಪ್ಯಾನಿಷ್ ಕ್ಲಾಸಿನ ಗಾಜಿನ ಬಾಗಿಲು. ಮೊದಲ ವಾರ ಅವಳು ಫೋನಿನಲ್ಲಿ ಅಡುಗೆಯ ವಿಡಿಯೋ ನೋಡಿದಳು. ಎರಡನೆಯ ವಾರ ಕಿವಿ ತಾನಾಗಿ ಬಾಗಿಲಿನತ್ತ ತಿರುಗಿತು. ತುಟಿಯೂ ಅಲುಗತೊಡಗಿತು. ಅಲ್ಲಿನ ಸದ್ದು ಅವಳಿಗೆ ಹಿಡಿಸಿಬಿಟ್ಟಿತ್ತು. ಇಂಗ್ಲಿಷಿನ ಹಾಗೆ ಅರ್ಧ ನುಂಗುವ ಮಾತಲ್ಲ, ನಮ್ಮ ಮಾತಿನ ಹಾಗೆ ಪ್ರತಿಯೊಂದು ಅಕ್ಷರವೂ ಬಾಯಿ ಬಿಟ್ಟು ಹೊರಗೆ ಬರುವ ಮಾತು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಸ್ಪ್ಯಾನಿಷಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದಳು. ಗುಣಪಾಲ ಅಡುಗೆಮನೆಗೆ ಇಣುಕಿ, "ಯಾರ ಹತ್ರ ಮಾತಾಡ್ತಿದ್ದಿ?" ಎಂದ.

ಒಂದು ದಿನ ಗಾಜಿನ ಬಾಗಿಲು ತೆರೆಯಿತು. ಟೀಚರ್ ಪಿಲಾರ್ ಹೊರಗೆ ಬಂದಳು. ಸ್ಪೇನಿನವಳು, ಎತ್ತರದ ಹೆಂಗಸು, ದೊಡ್ಡ ನಗು, ಕುತ್ತಿಗೆಗೆ ಸದಾ ಒಂದು ಶಾಲು. ಒಳಗೆ ಬಾ ಎಂದಳು.

"ಬೇಡ ಬೇಡ, ನಾನು ಮಗಳಿಗೆ ಕಾಯ್ತಿದ್ದೇನೆ" ಎಂದಳು ರಾಜೀವಿ.

ಬಾ, ಸುಮ್ಮನೆ ಕೂತು ಕೇಳು ಎಂದಳು ಪಿಲಾರ್.

"ಅಯ್ಯೋ ಬೇಡ ಮೇಡಂ, ನನಗೆಂತ ಬರ್ತದೆ!"

ಪಿಲಾರ್ ಮತ್ತೆ ಕೇಳಲಿಲ್ಲ, ತೋಳು ಹಿಡಿದು ಎಳೆದುಕೊಂಡೇ ಹೋದಳು. ರಾಜೀವಿ ಒಳಗೊಳಗೇ ಹಿಗ್ಗಿಹೋದಳು. ಇವರೂ ನಮ್ಮ ಕಡೆಯವರ ಹಾಗೇ, ಮೂರು ಸಲ ಕರೆಯುವ ಜನ ಎಂದು ಅಂದೇ ತೀರ್ಮಾನಿಸಿಕೊಂಡಳು. ಒಬ್ಬಳನ್ನು ನೋಡಿ ಇಡೀ ದೇಶವನ್ನು ಅಳೆದದ್ದು ಅವಳ ಮೊದಲ ತಪ್ಪು.

ಆ ಸಂಸ್ಥೆಯಲ್ಲಿ ಆರು ತಿಂಗಳ ಒಂದು ಕೋರ್ಸ್ ಇತ್ತು. ಬೆಳಿಗ್ಗೆ ಭಾಷೆಯ ಪಾಠ, ಮಧ್ಯಾಹ್ನದ ಮೇಲೆ ಸ್ಪ್ಯಾನಿಷ್ ಮಾತಾಡುವ ಒಂದು ಕಂಪೆನಿಯಲ್ಲಿ ಇಂಟರ್ನ್‌ಶಿಪ್. ಕಲಿತದ್ದನ್ನು ಅಂದೇ ಬಳಸಬೇಕು, ಇಲ್ಲವಾದರೆ ಹಿಟ್ಟು ಹುಳಿಯಾಗುತ್ತದೆ ಎಂಬುದು ಪಿಲಾರಳ ಲೆಕ್ಕ. ಸೇರಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ರಾಜೀವಿಯ ಹೆಸರನ್ನೂ ಪಿಲಾರಳೇ ಬರೆಸಿದಳು, ಮತ್ತೆ ಮೂರು ಸಲ ಒತ್ತಾಯ ಮಾಡಿ.

"ಅಮ್ಮಾ, ಆರ್ ಯೂ ಸೀರಿಯಸ್? ಇಂಟರ್ನ್? ಯೂ?" ಎಂದು ದೀಕ್ಷಿತಾ ಸೋಫಾದಿಂದ ಎದ್ದು ಕುಳಿತಳು.

"ಯಾಕೆ, ಇಂಟರ್ನ್ ಆಗ್ಲಿಕ್ಕೆ ಮೊಡವೆ ಇರ್ಬೇಕು ಅಂತ ಉಂಟಾ?" ಎಂದಳು ರಾಜೀವಿ.

ಅವಳು ಗಂಡನ ವೀಸಾದ ಮೇಲಿದ್ದವಳಾದ್ದರಿಂದ ಗುಣಪಾಲನಿಂದ ಎನ್‌ಒಸಿ ಬೇಕೆಂದರು. ಅವನು ಅಂದೇ ಆಫೀಸಿನಲ್ಲಿ ಟೈಪು ಮಾಡಿಸಿ, ಸಹಿ ಹಾಕಿ ತಂದುಕೊಟ್ಟ. "ನನ್ನದೇನೂ ಅಭ್ಯಂತರ ಇಲ್ಲ" ಎಂದ. ಹತ್ತೊಂಬತ್ತು ವರ್ಷಗಳ ಸಂಸಾರದಲ್ಲಿ ಅವನು ಯಾವುದಕ್ಕೂ ಅಭ್ಯಂತರ ಹೇಳಿದವನಲ್ಲ. ಅದು ಒಳ್ಳೆಯ ಗುಣವೋ ಸೋಮಾರಿತನವೋ ರಾಜೀವಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಓಡಿದವೆಂದರೆ, ಅವಳು ಅವುಗಳ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು ಎನ್ನಬೇಕು. ಬೆಳಿಗ್ಗೆ ಅಡುಗೆ ಮುಗಿಸಿ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಹಸಿರು ಲೈನಿನ ಮೆಟ್ರೊ. ಬುರ್ಜುಮಾನಿನಲ್ಲಿ ಇಳಿದು ಕ್ಲಾಸ್. ಕ್ಲಾಸ್ ಬಿಟ್ಟ ಕೂಡಲೇ ಕೆಂಪು ಲೈನು ಹಿಡಿದು ಜೆಬೆಲ್ ಅಲಿಯ ಕಡೆಗೆ. ಅಲ್ಲಿ ಕಂಪೆನಿಯ ಬಸ್ಸು. ಹೆಂಗಸರ ಬೋಗಿಯಲ್ಲಿ ನಿಂತೇ ಅವಲಕ್ಕಿ ಡಬ್ಬಿಯ ಮೇಲೆ ಕಣ್ಣಿಟ್ಟುಕೊಂಡು (ಮೆಟ್ರೊದಲ್ಲಿ ತಿಂದರೆ ದಂಡ) ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಳು. ಎದುರಿನ ಕಿಟಕಿಯಲ್ಲಿ ಕಟ್ಟಡಗಳು ಮುಗಿದು ಮರಳು, ಮರಳು ಮುಗಿದು ಗೋದಾಮುಗಳು. ಇದೆಲ್ಲವನ್ನೂ ಅವಳು ವರ್ಷಗಟ್ಟಲೆ ಗಂಡನ ಕಾರಿನಲ್ಲಿ ಕೂತು ನೋಡಿದ್ದಳು. ಈಗ ಒಬ್ಬಳೇ, ಕುತ್ತಿಗೆಗೆ ಫೋಟೊ ಇದ್ದ ಕಂಪೆನಿಯ ಕಾರ್ಡು ತೂಗಿಸಿಕೊಂಡು ನೋಡುವಾಗ ಬೇರೆಯೇ ಊರಿನ ಹಾಗೆ ಕಾಣುತ್ತಿತ್ತು.

ಕಂಪೆನಿ ಸ್ಪೇನಿನದು, ಕಾಸ್ತೆಲ್ಯೋನ್ ಎಂಬ ಊರಿನ ಫ್ಯಾಕ್ಟರಿಯಿಂದ ನೆಲದ ಟೈಲ್ಸ್ ತರಿಸಿ ಮಾರುವವರು. ಹೆಂಚಿನ ಕಾರ್ಖಾನೆಗಳ ಕರಾವಳಿಯಲ್ಲಿ ಬೆಳೆದವಳಿಗೆ ಗೋದಾಮಿನ ಸುಟ್ಟ ಮಣ್ಣಿನ ವಾಸನೆ ಹೊಸತಾಗಿರಲಿಲ್ಲ. ಅಲ್ಲಿನ ಆಫೀಸ್ ನೋಡಿಕೊಳ್ಳುತ್ತಿದ್ದವಳು ಕಿನ್ನಿಗೋಳಿಯ ಗ್ರೇಸಿ. ಮೊದಲ ದಿನವೇ, "ನೀವು ಹೆಜಮಾಡಿಯಾ? ಅಯ್ಯೋ ದೇವರೇ, ನಮ್ಮ ಬಸ್ಸು ಅಲ್ಲೇ ಅಲ್ವಾ ಹೋಗುದು!" ಎಂದು ಕೈ ಹಿಡಿದುಕೊಂಡಳು. ಆ ಗಳಿಗೆಯಿಂದ ಅವಳಿಗೆ ಇವಳು ರಾಜೀವಕ್ಕ.

ಮೇಲಿನ ಯಜಮಾನರು ವಿಸೆಂತೆ. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ತಿಂಗಳಿಗೊಮ್ಮೆ ಸ್ಪೇನಿನಿಂದ ಬಂದು ಹೋಗುವವರು. ಮೊದಲ ದಿನ ಅವರೇ ಎದ್ದು ಕಾಫಿ ಯಂತ್ರದ ಬಳಿ ಹೋಗಿ, ಕಾಫಿ ಬೇಕೇ ಎಂದು ಕೇಳಿದರು.

"ನೋ, ಗ್ರಾಸಿಯಾಸ್", ಬೇಡ, ಧನ್ಯವಾದ ಎಂದಳು ರಾಜೀವಿ, ಅಚ್ಚುಕಟ್ಟಾಗಿ.

ವಿಸೆಂತೆ ತಮ್ಮ ಕಪ್ಪು ತುಂಬಿಸಿಕೊಂಡು ಹೋಗಿ ಕೂತರು. ಅಷ್ಟೆ. ಎರಡನೆಯ ಸಲ ಯಾರೂ ಕೇಳಲಿಲ್ಲ. ಸಂಜೆಯವರೆಗೆ ಕಾಫಿಯ ಘಮ ಕುಡಿದುಕೊಂಡೇ ಕೂತ ರಾಜೀವಿ ಮನೆಗೆ ಬಂದು ತಲೆನೋವಿಗೆ ಅಮೃತಾಂಜನ ಹಚ್ಚಿದಳು. "ಪಾಪ, ಕೆಲಸದ ಗಡಿಬಿಡಿ. ಮರೆತುಬಿಟ್ಟರು" ಎಂದು ಅವರ ಪರವಾಗಿ ತಾನೇ ವಕಾಲತ್ತು ವಹಿಸಿದಳು. ಬುದ್ಧಿ ಬರಬೇಕಾದದ್ದು ಅಂದೇ. ಬರಲಿಲ್ಲ.

ಕ್ಲಾಸಿನಲ್ಲೂ ಒಂದು ತೊಡಕು ಬಂತು. ಒಂದು ಬೆಳಿಗ್ಗೆ ಪಿಲಾರ್, ಪ್ರತಿಯೊಬ್ಬರೂ ಎದ್ದು ನಿಂತು ತಮಗೆ ಬೇಕಾದ ಮೂರು ಸಂಗತಿ ಹೇಳಿ ಎಂದಳು. "ಕಿಯೆರೊ" ಎಂದರೆ ನನಗೆ ಬೇಕು. ಇಪ್ಪತ್ತರ ಹುಡುಗರು ಎದ್ದೆದ್ದು ಕಾರು ಬೇಕು, ಮಾಡ್ರಿಡ್ ನೋಡಬೇಕು, ಹುಡುಗಿ ಬೇಕು ಎಂದು ನಗಿಸಿ ಕೂತರು. ರಾಜೀವಿ ಎದ್ದಳು. ಮಗಳಿಗೆ ಒಳ್ಳೆಯ ಕಾಲೇಜು ಬೇಕು ಎಂದಳು. ಗಂಡನಿಗೆ ಸಕ್ಕರೆ ಇಲ್ಲದ ಚಹಾ ಬೇಕು ಎಂದಳು. ಅತ್ತೆಗೆ ಊರಿನಲ್ಲಿ ಹೊಸ ಕನ್ನಡಕ ಬೇಕು ಎಂದಳು. ವಾಕ್ಯಗಳಲ್ಲಿ ಒಂದು ತಪ್ಪಿಲ್ಲ.

"ಚೆನ್ನಾಗಿದೆ. ಮತ್ತೆ ನಿನಗೆ, ರಾಜೀವಿ?" ಎಂದಳು ಪಿಲಾರ್.

ರಾಜೀವಿ ಬಾಯಿ ತೆರೆದಳು. ನಾಚಿಕೆಯಿಂದ ನಕ್ಕು, ನನಗೆಂತದು, ಎಲ್ಲ ಉಂಟು ಎಂದು ಕುಳಿತುಬಿಟ್ಟಳು. ಪಿಲಾರ್ ಅವಳನ್ನೇ ನೋಡಿದಳು, ಮುಂದಿನವರನ್ನು ಎಬ್ಬಿಸಿದಳು. ಮೆಟ್ರೊದಲ್ಲಿ ಹೋಗುವಾಗ ರಾಜೀವಿಗೆ ಅಳು ಬಂದ ಹಾಗಾಯಿತು. ತುಳುವಿನಲ್ಲೂ "ಎಂಕ್ ಬೋಡು" ಎಂದು, ನನಗೆ ಬೇಕು ಎಂದು, ತಾನು ಕೊನೆಗೆ ಯಾವಾಗ ಹೇಳಿದ್ದೆ ಎಂದು ಯೋಚಿಸಿದಳು. ಬಂಗುಡೆ ಮೀನಿನ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೆನಪಾಗಲಿಲ್ಲ.

ಕೋರ್ಸ್ ಮುಗಿಯುವ ಹೊತ್ತಿಗೆ ಅಬುಧಾಬಿಯಲ್ಲಿ ಕಟ್ಟಡ ಸಾಮಗ್ರಿಗಳ ಒಂದು ಪ್ರದರ್ಶನ ನಡೆಯಿತು. ಕಂಪೆನಿಯ ಮಳಿಗೆಗೆ ರಾಜೀವಿಯನ್ನೂ ಕರೆದುಕೊಂಡು ಹೋದರು. ಮಳಿಗೆಯಲ್ಲಿ ನಿಂತದ್ದು ಫ್ಯಾಕ್ಟರಿಯಿಂದ ಬಂದ ಇಬ್ಬರು ಎಂಜಿನಿಯರುಗಳು. ಅವರಿಗೆ ಸ್ಪ್ಯಾನಿಷ್ ಬಿಟ್ಟರೆ ಮುರುಕು ಇಂಗ್ಲಿಷ್. ಬಂದ ಗಿರಾಕಿಗಳು ಮಲಯಾಳಿ ಫೋರ್‌ಮನ್‌ಗಳು, ಪಾಕಿಸ್ತಾನಿ ಕಾಂಟ್ರ್ಯಾಕ್ಟರುಗಳು. ನಡುವೆ, ದುಬೈಯ ನೆರೆಹೊರೆಯಲ್ಲಿ ಮಲಯಾಳ, ಹಿಂದಿ ಕಲಿತಿದ್ದ ರಾಜೀವಿ.

ಮೊದಲ ಗಂಟೆ ಅವಳು ಒಂದೊಂದು ಮಾತಿಗೂ ಕ್ಲಾಸಿನ ನೋಟ್‌ಬುಕ್ ತಿರುವಿದಳು. ಆಮೇಲೆ ನೋಡಬೇಕಿತ್ತು! ಈ ಕಿವಿಗೆ ಮಲಯಾಳ, ಆ ಬಾಯಿಗೆ ಸ್ಪ್ಯಾನಿಷ್. ಈ ಕಡೆ ಹಿಂದಿಯಲ್ಲಿ ಬೈಗುಳ, ಆ ಕಡೆ ಅದರ ತೊಳೆದು ಒಣಗಿಸಿದ ರೂಪ. ಒಬ್ಬ ಫೋರ್‌ಮನ್, ಹೋದ ವರ್ಷದ ಟೈಲ್ಸಿನಲ್ಲಿ ಒಂದು ಪೆಟ್ಟಿಗೆಯ ಬಣ್ಣ ಇನ್ನೊಂದಕ್ಕೆ ಹೊಂದಲಿಲ್ಲ ಎಂದು ಮೇಜು ಗುದ್ದಿ ಕೂಗಾಡಿದ. ರಾಜೀವಿ ಅವನಿಗೆ ಮೊದಲು ಕುರ್ಚಿ ಹಾಕಿದಳು, ನೀರು ಕೊಟ್ಟಳು. ಅವನು ಬೇಡ ಎಂದ. ಮತ್ತೆ ಕೊಟ್ಟಳು. ಬೇಡ ಎಂದ. ಮೂರನೆಯ ಸಲ ಕೈಗೇ ಹಿಡಿಸಿದಳು. ನೀರು ಕುಡಿದವನು ತಣ್ಣಗಾದ. ಎಂಜಿನಿಯರುಗಳ ಹತ್ತಿರ ವಿಷಯ ಬಿಡಿಸಿ ಹೇಳಿ, ಇನ್ನು ಮುಂದೆ ಅವನ ಒಂದು ಕಟ್ಟಡಕ್ಕೆ ಒಂದೇ ಸಲಕ್ಕೆ ಸುಟ್ಟ, ಒಂದೇ ಬಣ್ಣದ ಮಾಲು ಕಳಿಸುತ್ತೇವೆ ಎಂದು ಒಪ್ಪಿಸಿದಳು. ಅವನು ಹೊಸ ಆರ್ಡರ್ ಕೊಟ್ಟೇ ಎದ್ದ. ಹಿಂದೆ ನಿಂತು ಇದೆಲ್ಲವನ್ನೂ ನೋಡುತ್ತಿದ್ದ ವಿಸೆಂತೆ ಗಡ್ಡ ನೀವಿಕೊಂಡರು.

ಗುರುವಾರ ಪ್ರದರ್ಶನ ಮುಗಿಯಿತು. ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ವಿಸೆಂತೆ ಎಲ್ಲರಿಗೂ ಊಟ ಹಾಕಿಸಿದರು. ರಾಜೀವಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ತಲೆ ಮೋಡದ ಮೇಲಿತ್ತು. ಊಟದ ನಡುವೆ ವಿಸೆಂತೆ ಫೋರ್ಕು ಕೆಳಗಿಟ್ಟು ಅವಳತ್ತ ತಿರುಗಿದರು.

"ರಾಜೀವಿ, ಸೆಪ್ಟೆಂಬರಿನಲ್ಲಿ ಹೊರದೇಶದ ಆಫೀಸುಗಳವರಿಗೆ ನಮ್ಮ ಫ್ಯಾಕ್ಟರಿಯಲ್ಲಿ ತರಬೇತಿ ಇದೆ. ದುಬೈಯಿಂದ ಈವರೆಗೆ ಯಾರನ್ನೂ ಕಳಿಸಿಲ್ಲ. ನೀನು ಹೋಗು. ಖರ್ಚೆಲ್ಲ ಕಂಪೆನಿಯದು. ಮರಳಿ ಬಂದ ಮೇಲೆ ಜೆಬೆಲ್ ಅಲಿಯಲ್ಲಿ ನಿನಗೆ ಕೆಲಸ. ಇಂಟರ್ನ್ ಆಗಿ ಅಲ್ಲ, ನಮ್ಮ ಆಫೀಸಿನವಳಾಗಿ."

ರಾಜೀವಿಗೆ ಕಿವಿಯಲ್ಲಿ ಸಮುದ್ರದ ಸದ್ದು ಕೇಳಿಸಿತು. ಸ್ಪೇನ್! ಕೆಲಸ! ಮೈಯೆಲ್ಲ ಹೂಂ ಎಂದಿತು. ಬಾಯಿ ಮಾತ್ರ, ತಾಯಿ ಕಲಿಸಿದ ಬಾಯಿ, ತನ್ನ ಪಾಡಿಗೆ ತಾನು ತೆರೆದುಕೊಂಡಿತು.

"ನೋ, ನೋ, ಗ್ರಾಸಿಯಾಸ್. ಅಷ್ಟೆಲ್ಲ ಯಾಕೆ?"

ವಿಸೆಂತೆ ಹುಬ್ಬೇರಿಸಿದರು. "ಖಂಡಿತವೇ? ಯೋಚಿಸಿ ನೋಡು."

ಇದು ಎರಡನೆಯದು. ರಾಜೀವಿಯ ಎದೆ ಕುಣಿಯಿತು. "ಪರವಾಗಿಲ್ಲ ಸರ್, ಬೇಡ" ಎಂದು ತಟ್ಟೆ ನೋಡುತ್ತ, ಮೂರನೆಯದಕ್ಕೆ ಉತ್ತರವನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾದಳು.

"ಸರಿ" ಎಂದರು ವಿಸೆಂತೆ. ಮೆನು ತೆಗೆದುಕೊಂಡು, ಸಿಹಿ ಏನಿದೆ ಎಂದು ವೇಟರನನ್ನು ಕರೆದರು.

ದುಬೈಗೆ ಮರಳುವ ದಾರಿಯುದ್ದಕ್ಕೂ ಅವಳು ಕಂಪೆನಿಯ ವ್ಯಾನಿನಲ್ಲಿ ಕಾದಳು. ಎದುರಿನ ಸೀಟಿನಲ್ಲಿದ್ದ ವಿಸೆಂತೆ ನಿದ್ದೆ ಹೋದರು. ಇರಲಿ, ಎಷ್ಟು ದೊಡ್ಡ ಮಾತು, ಮೂರನೆಯದನ್ನು ಆಫೀಸಿನಲ್ಲಿ ಕೇಳುತ್ತಾರೆ ಎಂದುಕೊಂಡಳು.

ಮರುದಿನ ಶುಕ್ರವಾರ, ರಜೆ. ಗುಣಪಾಲ ಹಾಲಿನಲ್ಲಿ ನಿಂತು ವಾರದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ರಾಜೀವಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ಕೈ, ಕಣ್ಣು, ಸೆರಗು ಎಲ್ಲ ಹಾರಾಡುತ್ತಿದ್ದವು.

"ಮತ್ತೆ ನೀನು ಎಂತ ಹೇಳಿದಿ?"

"ಎಂತ ಹೇಳುದು? ಬೇಡ ಅಂದೆ. ಆಫೀಸಿಗೆ ಹೋದಾಗ ಇನ್ನೊಮ್ಮೆ ಕೇಳ್ತಾರೆ ಅಲ್ವಾ, ಆಗ ಹೂಂ ಅಂತೇನೆ."

ಗುಣಪಾಲ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಕೇಳದಿದ್ರೆ?"

"ಕೇಳ್ತಾರೆ ಮಾರಾಯ್ರೆ. ಅಷ್ಟು ಮನಸ್ಸಿದ್ದವರು ಕೇಳದೆ ಇರ್ತಾರಾ?"

ಅವನು ಅಂಗಿಯ ಕಾಲರನ್ನು ಮಡಚಿದ. "ರಾಜೀ, ದೀಕ್ಷಿತಾ ಹುಟ್ಟುವ ಮೊದಲು ಇಲ್ಲಿ ಶಾಲೆಯ ಲೈಬ್ರರಿಯಲ್ಲಿ ನಿನಗೊಂದು ಕೆಲಸ ಬಂದಿತ್ತು. ನೆನಪುಂಟಾ?"

ನೆನಪಿತ್ತು. ನೆನಪಿಲ್ಲದೆ ಎಲ್ಲಿಗೆ ಹೋಗುತ್ತದೆ.

"ಹೋಗ್ತಿಯಾ ಅಂತ ನಾನು ಕೇಳಿದ್ದೆ. ನೀನು ಬೇಡ ಅಂದಿ."

"ನೀವು ಇನ್ನೊಮ್ಮೆ ಕೇಳ್ಲೇ ಇಲ್ಲ" ಎಂದಳು ರಾಜೀವಿ. ಇಷ್ಟು ವರ್ಷ ಒಳಗೆ ಇದ್ದ ಮಾತು ಅಷ್ಟು ಸಲೀಸಾಗಿ ಹೊರಗೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ಎಷ್ಟು ದಿನ ಕಾದೆ ಗೊತ್ತುಂಟಾ? ನೀವು ಹೆಜಮಾಡಿಯವರಲ್ವಾ? ಬೇಡ ಅಂದ್ರೆ ಎಂತ ಅರ್ಥ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿತ್ತು" ಎಂದ ಗುಣಪಾಲ. ಕಣ್ಣು ಮೇಲೆತ್ತಲಿಲ್ಲ. "ನಿಜ ಹೇಳ್ತೇನೆ. ನೀನು ಬೇಡ ಅಂದದ್ದು ನನಗೆ ಅನುಕೂಲ ಆಯ್ತು. ಮನೆಗೆ ಬಂದ್ರೆ ಬಿಸಿ ಊಟ, ಬಾಗಿಲು ತೆರೆಯುವವರು ಒಬ್ಬರು. ಅದಕ್ಕೇ ಕೇಳ್ಲಿಲ್ಲ. ಕೇಳುವವನಿಗೆ ಅನುಕೂಲ ಇದ್ರೆ ಒಂದು ಸಲವೇ ಸಾಕಾಗ್ತದೆ ರಾಜೀ. ಮೂರನೇ ಸಲಕ್ಕೆ ಕಾಯ್ಬೇಡ."

ರಾಜೀವಿಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಒಡೆದಳು, ಅಂದು ಕಾಯಿ ಬೇಕಾದ ಅಡುಗೆಯೇ ಇರಲಿಲ್ಲ. ಗಂಡನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಬೇಡ ಬೇಡ ಎನ್ನುತ್ತಲೇ ಎಷ್ಟು ತಟ್ಟೆಗಳು ಎದುರಿನಿಂದ ಎದ್ದು ಹೋದವು! ತಾನು ಮರ್ಯಾದೆ ಎಂದುಕೊಂಡಿದ್ದನ್ನು ಲೋಕ ನಿಜವೆಂದೇ ನಂಬಿ ಮುಂದೆ ಹೋಗಿತ್ತು.

ಶನಿವಾರ ಬೆಳಿಗ್ಗೆ ಫೋನು ಬಂತು. ಗ್ರೇಸಿ. ಶನಿವಾರ ಅವರ ಆಫೀಸು ಅರ್ಧ ದಿನ, ಮಧ್ಯಾಹ್ನದ ಇಂಟರ್ನ್‌ಗಳಿಗೆ ರಜೆ.

"ರಾಜೀವಕ್ಕಾ, ನೀವು ಸ್ಪೇನಿಗೆ ಬೇಡ ಅಂದ್ರಂತೆ? ಎಂತ ಮಾರಾಯ್ತಿ ನಿಮ್ದು ಕತೆ! ಸರ್ ಮೊರಾಕ್ಕೊ ಆಫೀಸಿನವರಿಗೆ ಆ ಸೀಟು ಕೊಡ್ಲಿಕ್ಕೆ ಹೇಳಿದ್ದಾರೆ. ಇವತ್ತು ಮಧ್ಯಾಹ್ನ ಸರ್ ಅವರ ಫ್ಲೈಟು. ಹೋಗುವ ಮೊದಲು ಮೈಲ್ ಕಳಿಸ್ಬೇಕಂತೆ."

"ಕಳಿಸ್ಬೇಡ" ಎಂದಳು ರಾಜೀವಿ.

"ನಾನು ಹೇಗೆ ನಿಲ್ಲಿಸುದು? ಅವರಿಗೆ ಫೋನ್ ಕೊಡ್ಲಾ?"

ಅವಳು ಒಂದು ಕ್ಷಣ ಯೋಚಿಸಿದಳು. ಫೋನಿನಲ್ಲಿ ಕೇಳಿದರೆ ಬಾಯಿ ಮತ್ತೆ ಪರವಾಗಿಲ್ಲ ಎಂದುಬಿಡುತ್ತದೆ. ಆ ಬಾಯಿಯನ್ನು ಅವಳು ನಂಬಲಿಲ್ಲ. "ಬೇಡ, ನಾನೇ ಬರ್ತೇನೆ. ಅವರನ್ನು ಮಾತಾಡಿಸಿ ಕೂರಿಸು, ಕಾಫಿ ಕೊಡು, ಎಂತ ಬೇಕಾದ್ರೂ ಮಾಡು."

ಬಾಗಿಲಲ್ಲಿ ಗುಣಪಾಲ ಕಾರಿನ ಕೀ ಹಿಡಿದು ನಿಂತಿದ್ದ. "ನಾನು ಬಿಡ್ತೇನೆ, ಬಾ" ಎಂದ.

"ಬೇಡ" ಎಂದಳು ರಾಜೀವಿ. ಕೂಡಲೇ ನಿಂತು, "ಇದು ನಿಜವಾದ ಬೇಡ. ಶೇಖ್ ಝಾಯೆದ್ ರೋಡಿನಲ್ಲಿ ಟ್ರಾಫಿಕ್ ಇರ್ತದೆ. ಮೆಟ್ರೊ ಬೇಗ" ಎಂದಳು. ಗುಣಪಾಲ ನಕ್ಕುಬಿಟ್ಟ. ಬಹಳ ದಿನಗಳ ಮೇಲೆ ಅವನು ಹಲ್ಲು ಕಾಣುವ ಹಾಗೆ ನಕ್ಕದ್ದು.

ಮೆಟ್ರೊ ಅಂದು ಎತ್ತಿನ ಗಾಡಿಯಷ್ಟು ನಿಧಾನ. ಬುರ್ಜುಮಾನಿನಲ್ಲಿ ಗಾಡಿ ಬದಲಿಸುವಾಗ ಅವಳು ಎಸ್ಕಲೇಟರನ್ನೂ ಓಡಿಯೇ ಹತ್ತಿದಳು. ಹೆಂಗಸರ ಬೋಗಿಯಲ್ಲಿ ಕಂಬ ಹಿಡಿದು, ಕಿಟಕಿಯ ಗಾಜಿಗೆ ಮುಖ ಕೊಟ್ಟು, ಕಿಯೆರೊ ಕಿಯೆರೊ ಎಂದು ಜಪ ಮಾಡಿದಳು. ಪಕ್ಕದ ಫಿಲಿಪ್ಪೀನಿ ಹುಡುಗಿ ಒಂದು ಹೆಜ್ಜೆ ದೂರ ಸರಿದಳು. ಅರ್ಧ ದಿನದ ಶನಿವಾರ ಕಂಪೆನಿಯ ಬಸ್ಸು ಬೆಳಿಗ್ಗೆಯೇ ಹೋಗಿಯಾಗಿತ್ತು. ಟ್ಯಾಕ್ಸಿಯವನಿಗೆ "ಯಲ್ಲಾ ಭಾಯ್, ಜಲ್ದಿ!" ಎಂದು ಅರಬಿ, ಹಿಂದಿ ಎರಡನ್ನೂ ಒಟ್ಟಿಗೆ ಎಸೆದಳು.

ಆಫೀಸಿನ ಬಾಗಿಲಲ್ಲಿ ವಿಸೆಂತೆಯವರ ಸೂಟ್‌ಕೇಸ್ ನಿಂತಿತ್ತು. ಒಳಗೆ ಗ್ರೇಸಿ ಅವರ ಮುಂದೆ ಮೂರನೆಯ ಕಾಫಿ ಇಟ್ಟು, ಕಿನ್ನಿಗೋಳಿ ಇಗರ್ಜಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ವಿಸೆಂತೆ ಗಡಿಯಾರ ನೋಡುತ್ತಿದ್ದರು. ಬೆವರಿನಲ್ಲಿ ತೊಯ್ದು ಒಳಗೆ ನುಗ್ಗಿದ ರಾಜೀವಿಯನ್ನು ಕಂಡು ಎದ್ದು ನಿಂತರು.

"ರಾಜೀವಿ! ಏನಾಯಿತು?"

ಜಪ ಮಾಡಿಕೊಂಡು ಬಂದ ಚಂದದ ವಾಕ್ಯಗಳೆಲ್ಲ ಹಾರಿಹೋಗಿದ್ದವು. ಒಂದೇ ಉಳಿದಿತ್ತು.

"ಕಿಯೆರೊ" ಎಂದಳು. ಮತ್ತೊಮ್ಮೆ, ಜೋರಾಗಿ, "ನನಗೆ ಬೇಕು. ಸ್ಪೇನಿಗೆ ಹೋಗ್ಬೇಕು. ಕೆಲಸವೂ ಬೇಕು."

ವಿಸೆಂತೆಗೆ ಗೊಂದಲ. "ಆದರೆ ನೀನು ಬೇಡ ಎಂದೆ. ನಾನು ಎರಡು ಸಲ ಕೇಳಿದೆ."

"ಅದೇ ಸರ್, ಎರಡು ಸಲ!" ಎಂದಳು ರಾಜೀವಿ. ಆಮೇಲೆ ಅವಳ ಬಾಯಿಂದ ಸ್ಪ್ಯಾನಿಷ್ ಹರಿದ ಬಗೆ ಪಿಲಾರ್ ಕೇಳಿದ್ದರೆ ಶಾಲು ಹಾರಿಸುತ್ತಿದ್ದಳು. ತನ್ನ ಊರನ್ನು ಹೇಳಿದಳು, ತಾಯಿಯನ್ನು ಹೇಳಿದಳು. ಮೊದಲ ಬೇಡ ಮರ್ಯಾದೆಗೆ, ಎರಡನೆಯ ಬೇಡ ಪ್ರೀತಿ ಅಳೆಯಲಿಕ್ಕೆ, ಮೂರನೆಯದಕ್ಕೆ ಕೈ ಚಾಚುವುದು ಎಂದು ವಿವರಿಸಿದಳು. ಮೊದಲ ದಿನದ ಕಾಫಿಯನ್ನೂ ಬಿಡಲಿಲ್ಲ. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತು. ಅವಳು ನಿಲ್ಲಲಿಲ್ಲ.

ವಿಸೆಂತೆ ಕೇಳುತ್ತ ಕೇಳುತ್ತ ಕುರ್ಚಿಯ ಬೆನ್ನು ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು.

"ಹಾಗಿದ್ದರೆ ನಾನು ಇನ್ನೂ ಒಂದು ಸಲ ಕೇಳುವುದು ಬಾಕಿಯಿದೆ. ರಾಜೀವಿ, ನಮ್ಮ ಫ್ಯಾಕ್ಟರಿಗೆ ಹೋಗುತ್ತೀಯಾ? ಒಂದು ತಿಂಗಳ ತರಬೇತಿ ಇದೆ, ಮೂರು ತಿಂಗಳದ್ದೂ ಇದೆ. ನಿನಗೆ ಯಾವುದು?"

ರಾಜೀವಿಯ ನಾಲಿಗೆಯ ತುದಿಗೆ ಹಳೆಯ ಮಾತು ಬಂದು ಕೂತಿತು: ಹಾಗಾದ್ರೆ ಸ್ವಲ್ಪ, ಸ್ವಲ್ಪ ಸಾಕು. ಒಂದು ತಿಂಗಳು ಸಾಕು ಸರ್. ಮಗಳ ಪರೀಕ್ಷೆ, ಗಂಡನ ಚಹಾ, ಊರಿನ ಅತ್ತೆ ಎಲ್ಲರೂ ಅವಳ ಕಣ್ಣ ಮುಂದೆ ಸಾಲಾಗಿ ನಿಂತರು. ಅವಳು ಆ ಮಾತನ್ನು ನುಂಗಿದಳು. ಗಂಟಲಿನಲ್ಲಿ ಇಳಿಯುವಾಗ ಸ್ವಲ್ಪ ಚುಚ್ಚಿತು.

"ಮೂರು" ಎಂದಳು. "ಪೂರ್ತಿ ಮೂರು ತಿಂಗಳು."

ಗ್ರೇಸಿ ಎದ್ದು ಬಂದು ತಬ್ಬಿಕೊಂಡಳು. ವಿಸೆಂತೆ ಮೊರಾಕ್ಕೊದ ಮೈಲನ್ನು ಅಳಿಸಲು ಹೇಳಿ, ಕಾಫಿ ಯಂತ್ರದ ಹತ್ತಿರ ಹೋಗಿ, ಕಪ್ಪು ಕೈಯಲ್ಲಿ ಹಿಡಿದು ತುಂಟತನದಿಂದ ಅವಳತ್ತ ನೋಡಿದರು. ಅವರು ಕೇಳುವ ಮೊದಲೇ ರಾಜೀವಿ, "ಎರಡು ಚಮಚ ಸಕ್ಕರೆ" ಎಂದಳು.

ಕಾಫಿ ಕುಡಿದು ಹೊರಗೆ ಬಂದು, ಗೋದಾಮಿನ ನೆರಳಿನಲ್ಲಿ ನಿಂತು ಮನೆಗೆ ಫೋನು ಮಾಡಿದಳು. ಒಂದೇ ರಿಂಗಿಗೆ ಗುಣಪಾಲ ಎತ್ತಿದ.

"ಎಂತಾಯ್ತು?"

"ಸಿಕ್ಕಿತು."

"ಎಷ್ಟು ದಿನ?"

"ಮೂರು ತಿಂಗಳು."

ರಾಜೀವಿ ಕಾದಳು, ಅವನು ನನ್ನದೇನೂ ಅಭ್ಯಂತರ ಇಲ್ಲ ಎಂದರೆ ಫೋನು ಎಸೆದುಬಿಡುತ್ತೇನೆ ಎಂದುಕೊಂಡಳು.

"ರಾಜೀ" ಎಂದ ಗುಣಪಾಲ, "ನನಗೆ ತುಂಬ ಖುಷಿ ಆಯ್ತು. ಆದ್ರೆ ಹೋಗುವ ಮೊದಲು ಬಂಗುಡೆ ಸಾರು ಮಾಡ್ಲಿಕ್ಕೆ ಕಲಿಸಿ ಹೋಗು."

"ಕಲಿಸ್ತೇನೆ" ಎಂದಳು ಅವಳು. "ಸಂಜೆ ಬಂಗುಡೆ ತನ್ನಿ. ಮತ್ತೆ ನನಗೆ ಅಂಜಲ್ ಮೀನು ಬೇಕು, ದೊಡ್ಡ ತುಂಡು."